ಬೇಸಿಗೆಯಲ್ಲಿ ತಾಯಿ-ಮಗುವಿನ ಕೋಣೆ: ಫ್ಯಾನು, ಕೂಲರು, ಹವಾನಿಯಂತ್ರಕ

(ದಂಪತಿಗಳ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)

ರಾಯಚೂರು, ಯಾದಗಿರಿ, ಕಲಬುರಗಿ ಭಾಗದ ಬೇಸಿಗೆಯನ್ನು ಕುರಿತು ತಮಗೆ ನಾನು ವಿವರಿಸಬೇಕಾದುದಿಲ್ಲ. ಯುಗಾದಿ ಕಳೆಯುತ್ತಲೇ ನೆಲ ಕಾಯತೊಡಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಹೊಸತಲ್ಲ. ಹಿಂದೆ ಪಟ್ಟಣದ ದೊಡ್ಡ ಕಚೇರಿಗಳಲ್ಲಿ ಮಾತ್ರ ಕಾಣುತ್ತಿದ್ದ ಹವಾನಿಯಂತ್ರಕ, ಅಂದರೆ ಏಸಿ ಎಂದು ತಾವು ಕರೆಯುವ ಯಂತ್ರ, ಈಗ ಹಳ್ಳಿಯ ಮನೆಗಳಿಗೂ ಬರುತ್ತಿದೆ. "ಮನೆಯಲ್ಲಿ ಹೆರಿಗೆ ಇದೆ, ಏಸಿ ಕೊಳ್ಳಬಹುದೇ? ಬಾಣಂತಿಗೆ ಶೀತವಾಗುವುದಿಲ್ಲವೇ? ಕೂಲರು ಸಾಲದೇ?" ಎಂದು ನನ್ನನ್ನು ಕೇಳುವವರು ಪ್ರತಿ ಬೇಸಿಗೆಯಲ್ಲಿಯೂ ಇದ್ದಾರೆ. ಈ ಪ್ರಶ್ನೆಗಳಿಗೆ ಉತ್ತರವಾಗಿ ಇಂದು ಕೆಲವು ಮಾತುಗಳನ್ನು ತಮ್ಮ ಮುಂದೆ ಇಡುತ್ತೇನೆ.

ನಾನು ಕಂಡ ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಹೆರಿಗೆಯಾಗಿ ಒಂಬತ್ತು ದಿನವಾದ ತಾಯಿಯೊಬ್ಬಳನ್ನು ನಮ್ಮ ಕೇಂದ್ರಕ್ಕೆ ಕರೆತಂದರು. ಮೈ ಸುಡುತ್ತಿತ್ತು, ಮಾತು ತಡವರಿಸುತ್ತಿತ್ತು. ಮಗುವಿನ ಮೈಯೂ ಬಿಸಿಯಾಗಿತ್ತು. ಬೆಳಗಿನಿಂದ ಅದು ಮೊಲೆಯನ್ನು ಸರಿಯಾಗಿ ಚೀಪಿರಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು. ಬಾಣಂತಿಯ ಕೋಣೆಗೆ ತಗಡಿನ ಮಾಡು. ಗಾಳಿ ಸೋಕಬಾರದೆಂದು ಕಿಟಕಿಯನ್ನು ಮುಚ್ಚಲಾಗಿತ್ತು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ತಲೆಗೆ ಉಣ್ಣೆಯ ವಸ್ತ್ರ, ದಿನಕ್ಕೆ ಕುಡಿಯಲು ಒಂದೆರಡು ಲೋಟ ನೀರು ಮಾತ್ರ. ಅತ್ತೆಯವರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ತಮ್ಮ ಹಿರಿಯರು ಮಾಡಿದುದನ್ನೇ ಅವರೂ ಮಾಡಿದ್ದರು.

ತಾಯಿಯ ಮೈಯನ್ನು ತಣಿಸಿ, ರಕ್ತನಾಳದ ಮೂಲಕ ದ್ರವ ಕೊಟ್ಟು, ಇಬ್ಬರನ್ನೂ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ದೈವಕೃಪೆಯಿಂದ ಇಬ್ಬರೂ ಉಳಿದರು. ಆಕೆಯ ಪತಿ ಹೊರಗೆ ನಿಂತು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಏಸಿಗೆ ಮುಂಗಡ ಕೊಟ್ಟು ಬಂದಿದ್ದೆ ಸಾರ್, ಅದು ಬರುವುದರೊಳಗೆ ಹೀಗಾಯಿತು." ಕಿಟಕಿಯನ್ನು ತೆರೆದು, ಕೆಂಡವನ್ನು ಹೊರಗಿಟ್ಟು, ನೀರು ಕೊಟ್ಟಿದ್ದರೆ ಆ ದಿನ ಯಾವ ಯಂತ್ರವೂ ಬೇಕಾಗುತ್ತಿರಲಿಲ್ಲ. ಆದ್ದರಿಂದ ನನ್ನ ಮೊದಲ ಮಾತು ಇದು: ಮೊದಲು ಮನುಷ್ಯರನ್ನು ತಣಿಸಬೇಕು, ಅನಂತರ ಮನೆಯನ್ನು, ಯಂತ್ರದ ವಿಚಾರ ಆಮೇಲಿನದು.

ಶಾಖದಿಂದ ಆಗುವ ಕೇಡು

ನಮ್ಮ ಶರೀರವು ಬೆವರನ್ನು ಹೊರಸೂಸಿ ತನ್ನನ್ನು ತಾನೇ ತಣಿಸಿಕೊಳ್ಳುತ್ತದೆ. ಬೆವರಿಗೆ ನೀರು ಬೇಕು. ಆರಲು ಗಾಳಿ ಬೇಕು. ಇವೆರಡನ್ನೂ ತಡೆದರೆ ಶಾಖವು ಒಳಗೇ ಉಳಿಯುತ್ತದೆ. ಗರ್ಭಿಣಿಯರಲ್ಲಿ ಅತಿಯಾದ ಶಾಖವು ದಿನ ತುಂಬುವ ಮುನ್ನವೇ ಹೆರಿಗೆಯಾಗುವ ಹಾಗೂ ಮಗು ಗರ್ಭದಲ್ಲಿಯೇ ಸಾಯುವ ಸಂಭವವನ್ನು ಹೆಚ್ಚಿಸುತ್ತದೆ. ಬಾಣಂತಿಯ ರಕ್ತವು ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಆಗ ನೀರನ್ನೂ ನಿಲ್ಲಿಸಿದರೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ಎಳೆಯ ಮಗುವಿಗೆ ದೊಡ್ಡವರಂತೆ ಬೆವರಿ ಮೈಯನ್ನು ತಣಿಸಿಕೊಳ್ಳುವ ಶಕ್ತಿಯಿಲ್ಲ. ಮುಚ್ಚಿದ ಕೋಣೆಯ ಕೆಂಡದಿಂದ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷಾನಿಲ ತುಂಬಿಕೊಂಡು ಪ್ರಾಣಕ್ಕೇ ಎರವಾಗಬಹುದು.

"ಹಾಗಾದರೆ ಹಿರಿಯರು ತಪ್ಪಿದರೇ?" ಎಂದು ತಾವು ಕೇಳಬಹುದು. ಹಾಗಲ್ಲ. ಮಣ್ಣಿನ ದಪ್ಪ ಗೋಡೆ, ಮಣ್ಣು ಹೊದಿಸಿದ ಮಾಳಿಗೆಯ ಮನೆಯಲ್ಲಿ ಮಳೆಗಾಲದಲ್ಲಿ ತಾಯಿ-ಮಗುವನ್ನು ಬೆಚ್ಚಗಿಡುವ ಅಗತ್ಯವಿತ್ತು. ತಗಡಿನ ಮಾಡಿನ ಕೋಣೆಯಲ್ಲಿ, ಏಪ್ರಿಲ್ ತಿಂಗಳಲ್ಲಿ ಅದೇ ಕ್ರಮವು ಅಪಾಯಕರ. ಬಾಣಂತಿಯು ಬಾಯಾರಿದಷ್ಟು ನೀರು, ಮಜ್ಜಿಗೆ, ಗಂಜಿ, ಅಂಬಲಿಯನ್ನು ಕುಡಿಯಲಿ. ಹಾಲೂಡಿಸುವ ತಾಯಿಗೆ ಇತರರಿಗಿಂತ ಹೆಚ್ಚು ನೀರು ಬೇಕು. ಆದರೆ ಆರು ತಿಂಗಳೊಳಗಿನ ಮಗುವಿಗೆ ಬೇಸಿಗೆಯಲ್ಲಿಯೂ ನೀರು ಕೊಡಬಾರದು. ತಾಯಿಯ ಹಾಲಿನಲ್ಲಿಯೇ ಅದಕ್ಕೆ ಬೇಕಾದ ನೀರು ಇದೆ. ಹೆಚ್ಚು ಸಲ ಹಾಲೂಡಿಸಿದರೆ ಸಾಕು.

ಮನೆಯನ್ನು ತಂಪಾಗಿಸುವುದು

ಮನೆಯೊಳಕ್ಕೆ ಶಾಖವು ಮುಖ್ಯವಾಗಿ ಮಾಡಿನಿಂದ ಇಳಿಯುತ್ತದೆ. ಸಿಮೆಂಟಿನ ತಾರಸಿಯು ಹಗಲೆಲ್ಲ ಕಾದು, ರಾತ್ರಿಯಲ್ಲಿ ಆ ಶಾಖವನ್ನು ಮಲಗಿದವರ ಮೇಲೆ ಬಿಡುತ್ತದೆ. ತಾರಸಿಗೆ ಬೇಸಿಗೆಯ ಮೊದಲೇ ಬಿಳಿ ಸುಣ್ಣವನ್ನು ದಪ್ಪವಾಗಿ ಬಳಿಸಿರಿ. ಬಿಳಿ ಬಣ್ಣವು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ತಗಡಿನ ಮಾಡಿನ ಮೇಲೆ ಜೋಳದ ದಂಟು ಅಥವಾ ತೆಂಗಿನ ಗರಿಗಳನ್ನು ಹೊದಿಸಬಹುದು. ಕಿಡಿ ತಾಗದಂತೆ ಎಚ್ಚರವಹಿಸಬೇಕು. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಚಾಪೆಯ ಮರೆ ಕಟ್ಟಿರಿ. ಹಗಲು ಹೊರಗಿನ ಗಾಳಿ ಒಳಗಿಗಿಂತ ಬಿಸಿಯಾದಾಗ ಬಿಸಿಲು ಬೀಳುವ ಕಿಟಕಿಗಳನ್ನು ಮುಚ್ಚಿ, ಸಂಜೆಯ ನಂತರ ಎದುರುಬದುರಾದ ಕಿಟಕಿಗಳನ್ನು ತೆರೆಯಿರಿ. ಗರ್ಭಿಣಿ, ಬಾಣಂತಿ, ಮಗು ಮತ್ತು ವೃದ್ಧರಿಗೆ ಮನೆಯ ಅತ್ಯಂತ ತಂಪಾದ ಕೋಣೆಯನ್ನು ಬಿಟ್ಟುಕೊಡಿರಿ. ಇದಕ್ಕೆ ಹಣ ಬೇಕಿಲ್ಲ. ಪತಿಪತ್ನಿಯರು ಒಮ್ಮೆ ಕುಳಿತು ನಿರ್ಧರಿಸಿದರೆ ಸಾಕು.

ಫ್ಯಾನು

ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ. ಕೋಣೆಯ ಉಷ್ಣಾಂಶವು 40 ಡಿಗ್ರಿಗಿಂತ ಕಡಿಮೆಯಿರುವಾಗ ಮಾತ್ರ ಫ್ಯಾನನ್ನು ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡುತ್ತದೆ. ಅದಕ್ಕೂ ಮೀರಿದರೆ ಬಿಸಿಗಾಳಿಯು ಮೈಯನ್ನು ಇನ್ನಷ್ಟು ಕಾಯಿಸಬಹುದು. ಅಂಥ ವೇಳೆಯಲ್ಲಿ ಒದ್ದೆ ಬಟ್ಟೆಯಿಂದ ಮೈಯನ್ನು ಮತ್ತೆ ಮತ್ತೆ ಒರೆಸಿಕೊಳ್ಳಬೇಕು. 75 ವ್ಯಾಟಿನ ಫ್ಯಾನು ಹಗಲಿರುಳೂ ತಿಂಗಳಿಡೀ ತಿರುಗಿದರೆ ಸುಮಾರು 54 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ.

ಕೂಲರು

ಕೂಲರಿನ ಕೆಲಸವು ಮಣ್ಣಿನ ಕೊಡದ ಕೆಲಸದಂತೆಯೇ. ನೀರು ಆವಿಯಾಗುವಾಗ ಶಾಖವನ್ನು ಹೀರುತ್ತದೆ. ಆದಕಾರಣ ಒಣಹವೆಯ ನಮ್ಮ ಭಾಗದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ; ಗಾಳಿಯಲ್ಲಿ ತೇವ ತುಂಬಿದ ಮಂಗಳೂರು, ಕಾರವಾರಗಳಲ್ಲಿ ಅಷ್ಟು ಪ್ರಯೋಜನವಿಲ್ಲ. ಕೂಲರನ್ನು ಕಿಟಕಿಯಲ್ಲಿಟ್ಟು ಎದುರಿನ ಬಾಗಿಲು ಅಥವಾ ಕಿಟಕಿಯನ್ನು ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ಅದು ಸೆಕೆಯನ್ನೇ ಹೆಚ್ಚಿಸುತ್ತದೆ. 200 ವ್ಯಾಟಿನ ಕೂಲರು ದಿನಕ್ಕೆ 12 ಗಂಟೆ ನಡೆದರೆ ತಿಂಗಳಿಗೆ 72 ಯೂನಿಟ್ ಆಗುತ್ತದೆ. ಬಹುಪಾಲು ಕುಟುಂಬಗಳಿಗೆ ಇದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯದಿರಿ. ಒಂದನೆಯದು, ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಒಳಭಾಗವನ್ನು ತಿಕ್ಕಿ ತೊಳೆದು, ಒಣಗಿಸಿ, ಮತ್ತೆ ತುಂಬಬೇಕು. ಗರ್ಭಿಣಿಗೆ ಡೆಂಗಿ ಬಂದರೆ ತಾಯಿ-ಮಗು ಇಬ್ಬರಿಗೂ ಅಪಾಯ. ಎರಡನೆಯದು, ತಗಡಿನ ಕೂಲರಿನಲ್ಲಿ ವಿದ್ಯುತ್ ಸೋರಿದರೆ ಮುಟ್ಟಿದವರ ಪ್ರಾಣಕ್ಕೆ ಎರವಾದೀತು. ಮೂರು ಕಡ್ಡಿಯ ಪ್ಲಗ್ಗು, ಸರಿಯಾದ ಭೂಸಂಪರ್ಕ ಕಡ್ಡಾಯ. ನೀರು ತುಂಬುವ ಮುನ್ನ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತಿಡಿರಿ.

ಹವಾನಿಯಂತ್ರಕವನ್ನು ಕೊಳ್ಳುವ ಮುನ್ನ

ಈ ಯಂತ್ರವು ಕೋಣೆಯ ಶಾಖವನ್ನೂ ತೇವವನ್ನೂ ತೆಗೆದು ಹೊರಕ್ಕೆ ಹಾಕುತ್ತದೆ. ಅನುಕೂಲವಿರುವವರು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಸಾಲ ಮಾಡಿ ಕೊಳ್ಳುವ ಮುನ್ನ ಹೆರಿಗೆಯ ಖರ್ಚು, ಮಕ್ಕಳ ಶಾಲೆ, ಬಿತ್ತನೆಯ ಬೀಜ ಇವೆಲ್ಲವನ್ನೂ ಇಬ್ಬರೂ ಒಟ್ಟಿಗೆ ಲೆಕ್ಕ ಹಾಕಿರಿ.

"ಟನ್" ಎಂಬುದು ಯಂತ್ರದ ತೂಕವಲ್ಲ. ಸುಮಾರು 900 ಕಿಲೋ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ತೆಗೆಯುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಗೆ ಸಾಮಾನ್ಯವಾಗಿ ಒಂದು ಟನ್, ಅದಕ್ಕಿಂತ ದೊಡ್ಡ ಕೋಣೆಗೆ ಒಂದೂವರೆ ಟನ್ ಬೇಕಾಗುತ್ತದೆ. ಕಾದ ತಾರಸಿಯ ಕೆಳಗೆ ಇನ್ನೂ ಹೆಚ್ಚು ಬೇಕಾಗಬಹುದು. ಸುಣ್ಣ ಬಳಿಯಿರಿ ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಯಂತ್ರದ ಮೇಲೆ ಇಂಧನ ದಕ್ಷತಾ ಬ್ಯೂರೋದ ನಕ್ಷತ್ರಗಳ ಚೀಟಿ ಇರುತ್ತದೆ. ನಕ್ಷತ್ರ ಹೆಚ್ಚಿದ್ದಷ್ಟೂ ವಿದ್ಯುತ್ ಖರ್ಚು ಕಡಿಮೆ. ವರ್ಷಕ್ಕೆ 1600 ಗಂಟೆ ನಡೆದರೆ ಎಷ್ಟು ಯೂನಿಟ್ ಆಗುವುದೆಂದೂ ಅದರಲ್ಲಿ ಬರೆದಿರುತ್ತದೆ. ಎರಡು ಯಂತ್ರಗಳ ಚೀಟಿಗಳನ್ನು ಹೋಲಿಸಿ ನೋಡಿರಿ. ನಿಯಮಗಳು ಕಾಲಕಾಲಕ್ಕೆ ಬಿಗಿಯಾಗುವುದರಿಂದ ಚೀಟಿಯ ಮೇಲಿನ ವರ್ಷವನ್ನೂ ಗಮನಿಸಿರಿ. ಶಾಖಕ್ಕೆ ತಕ್ಕಂತೆ ವೇಗವನ್ನು ಬದಲಿಸುವ ಇನ್ವರ್ಟರ್ ಮಾದರಿಯು ಹೆಚ್ಚು ಹೊತ್ತು ನಡೆಸುವವರಿಗೆ ಲಾಭಕರ.

ಒಂದು ಕಿಲೋವ್ಯಾಟಿನ ಯಂತ್ರವು ಬಿಡುವಿಲ್ಲದೆ ರಾತ್ರಿ 8 ಗಂಟೆ ಕೆಲಸ ಮಾಡಿದರೆ ತಿಂಗಳಿಗೆ 240 ಯೂನಿಟ್. ಕೋಣೆ ತಣಿದಂತೆ ಯಂತ್ರವು ತಾನೇ ಬಿಡುವು ಪಡೆಯುವುದರಿಂದ ಇಷ್ಟು ಆಗಲಾರದು, ಆದರೂ ಲೆಕ್ಕವಿರಲಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ಹಾಕಿರುವ ಮಿತಿ 200 ಯೂನಿಟ್; ಅದನ್ನು ದಾಟಿದ ತಿಂಗಳಿನ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕಾಗುತ್ತದೆ. ಮನೆಗೆ ಮಂಜೂರಾದ ವಿದ್ಯುತ್ ಭಾರ ಸಾಕೇ ಎಂದು ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಕೇಳಿಕೊಳ್ಳಿರಿ. ಪ್ರತ್ಯೇಕ ದಪ್ಪ ತಂತಿ, ಭೂಸಂಪರ್ಕ ಮತ್ತು ವೋಲ್ಟೇಜು ಏರಿಳಿಯುವ ಊರಿನಲ್ಲಿ ಸ್ಟೆಬಿಲೈಸರು ಅಗತ್ಯ.

ನಡೆಸುವ ಕ್ರಮ

ಕೆಲವರು ಯಂತ್ರವನ್ನು 18 ಡಿಗ್ರಿಗೆ ಇಟ್ಟರೆ ಕೋಣೆ ಬೇಗ ತಣಿಯುವುದೆಂದು ಭಾವಿಸುತ್ತಾರೆ. ಇದು ತಪ್ಪು. ಬೇಗ ತಣಿಯುವುದಿಲ್ಲ, ನಿಲ್ಲದೆ ದುಡಿದು ಬಿಲ್ಲು ಏರುತ್ತದೆ, ಅಷ್ಟೆ. 2020ರ ಜನವರಿ 1ರಿಂದ ನಕ್ಷತ್ರ ಚೀಟಿಯ ಯಂತ್ರಗಳು ಆರಂಭದಲ್ಲಿ 24 ಡಿಗ್ರಿಗೇ ನಿಲ್ಲುವಂತೆ ನಿಯಮವಾಗಿದೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ. ತಾಯಿ-ಮಗುವಿನ ಕೋಣೆಗೆ 26 ಅಥವಾ 27 ಡಿಗ್ರಿ ಸಾಕು. ಜೊತೆಗೆ ಫ್ಯಾನನ್ನು ನಿಧಾನವಾಗಿ ತಿರುಗಿಸಿರಿ.

ತಣ್ಣನೆಯ ಗಾಳಿಯು ಮಗುವಿನ ಮೇಲೆ ನೇರವಾಗಿ ಬೀಸಬಾರದು. ಸ್ನಾನವಾದ ಕೂಡಲೇ ಮೈಯನ್ನು ಚೆನ್ನಾಗಿ ಒರೆಸಿ, ತೆಳುವಾದ ಹತ್ತಿಯ ಬಟ್ಟೆ ತೊಡಿಸಿರಿ. ಮಗುವಿನ ಎದೆಯನ್ನು ಮುಟ್ಟಿ ನೋಡಿರಿ: ತಣ್ಣಗಿದ್ದರೆ ತಾಯಿಯ ಎದೆಗವಚಿ ಹೊದಿಸಿರಿ, ಬಿಸಿಯಾಗಿ ಬೆವರಿದ್ದರೆ ಹೊದಿಕೆಯನ್ನು ತೆಗೆಯಿರಿ. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಮಗುವಿನ ವಿಷಯದಲ್ಲಿ ಮೊದಲು ವೈದ್ಯರನ್ನು ಕೇಳಬೇಕು. ಏಸಿಯಿಂದ ಬಾಣಂತಿಗೆ ನೆಗಡಿ ಬರುತ್ತದೆಂಬ ಭಯ ಬೇಡ; ನೆಗಡಿಯು ಒಬ್ಬರಿಂದೊಬ್ಬರಿಗೆ ಹರಡುವ ವೈರಸ್ಸಿನಿಂದ ಬರುತ್ತದೆ. ನೆಗಡಿಯಿರುವ ನೆಂಟರನ್ನು ದೂರವಿಡುವುದೇ ಮುಖ್ಯ.

ಯಂತ್ರ ನಡೆಯುವಾಗ ಬಾಗಿಲು, ಕಿಟಕಿ ಮುಚ್ಚಿರಬೇಕು. ಆ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ, ಬೀಡಿ ಕೂಡದು. ಕರೆಂಟು ಹೋದಾಗ ಕಿಟಕಿಯನ್ನು ತೆರೆಯಿರಿ. ಮುಚ್ಚಿದ ಕೋಣೆಯು ಬೇಗನೆ ಕಾಯುತ್ತದೆ. ಹದಿನೈದು ದಿನಕ್ಕೊಮ್ಮೆ ಒಳಗಿನ ಜಾಲರಿಯನ್ನು ತೊಳೆದು ಒಣಗಿಸಿ ಹಾಕಿರಿ.

ಅಪಾಯದ ಚಿಹ್ನೆಗಳು

ಬಿಸಿಲಿನ ದಿನಗಳಲ್ಲಿ ಯಾರಿಗಾದರೂ ಮೈ ವಿಪರೀತ ಕಾದು, ಮಾತು ತಡವರಿಸಿ, ಪ್ರಜ್ಞೆ ತಪ್ಪುವಂತಾದರೆ ಅದು ಶಾಖಾಘಾತ. ಕೂಡಲೇ 108ಕ್ಕೆ ಕರೆ ಮಾಡಿರಿ. ವಾಹನ ಬರುವವರೆಗೆ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿರಿ. ಗರ್ಭಿಣಿಗೆ ಮಗುವಿನ ಚಲನೆ ಕಡಿಮೆಯಾದರೆ, ಬಾಣಂತಿಗೆ ಜ್ವರ ಅಥವಾ ತೀವ್ರ ತಲೆನೋವು ಬಂದರೆ, ಎರಡು ತಿಂಗಳೊಳಗಿನ ಮಗುವಿನ ಮೈ ಬಿಸಿಯಾದರೆ ಅಥವಾ ಅದು ಹಾಲು ಬಿಟ್ಟರೆ, ಬಿಸಿಲಿನಿಂದ ಹೀಗಾಗಿದೆ ಎಂದು ಕಾಯದೆ ಆಸ್ಪತ್ರೆಗೆ ಬನ್ನಿರಿ. ಸೋಂಕೂ ಇದೇ ರೂಪದಲ್ಲಿ ಬರುತ್ತದೆ.

ಮಾನ್ಯ ದಂಪತಿಗಳೇ, ಇಂದು ಮನೆಗೆ ಹೋದ ಮೇಲೆ ಇಬ್ಬರೂ ಸೇರಿ ಒಂದು ಕೆಲಸ ಮಾಡಿರಿ. ಮಧ್ಯಾಹ್ನ ಎರಡು ಗಂಟೆಗೆ ತಾಯಿ-ಮಗು ಮಲಗುವ ಕೋಣೆಯಲ್ಲಿ, ಬಾಗಿಲು ಹೇಗಿರುತ್ತದೆಯೋ ಹಾಗೆಯೇ ಇಟ್ಟು, ಅರ್ಧ ಗಂಟೆ ಕುಳಿತುಕೊಳ್ಳಿರಿ. ತಮಗೆ ಕುಳಿತಿರಲು ಆಗದಿದ್ದರೆ ಅವರೂ ಅಲ್ಲಿ ಮಲಗಲಾರರು. ಮನೆಯ ಹಿರಿಯರನ್ನೂ ಜೊತೆಗೆ ಕೂರಿಸಿಕೊಳ್ಳಿರಿ. ಏನು ಕೊಳ್ಳಬೇಕು, ಏನು ಬೇಡ ಎಂಬುದನ್ನು ಅನಂತರ ನಿರ್ಧರಿಸೋಣ. ಸಂಶಯವಿದ್ದರೆ ಆಶಾ ಕಾರ್ಯಕರ್ತೆಯನ್ನಾಗಲಿ ನಮ್ಮ ಕೇಂದ್ರವನ್ನಾಗಲಿ ಸಂಕೋಚವಿಲ್ಲದೆ ವಿಚಾರಿಸಿರಿ.