ಗೆರೆಯ ಪಕ್ಕದಲ್ಲಿ ಕಾಣೆಯಾದವರು



19ನೇ ಶತಮಾನದ ಮೊದಲರ್ಧದ ಫ್ರಾನ್ಸಿನಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿ ನಡೆಯುತ್ತಿತ್ತು. ಪ್ರಾಯಕ್ಕೆ ಬಂದ ಹುಡುಗರನ್ನು ನಿಲ್ಲಿಸಿ ಎತ್ತರ ಅಳೆಯುತ್ತಿದ್ದರು. 157 ಸೆಂಟಿಮೀಟರಿಗಿಂತ ಕುಳ್ಳಗಿದ್ದವನಿಗೆ ವಿನಾಯಿತಿ. ಅವನು ಹೊಲಕ್ಕೋ ಅಂಗಡಿಗೋ ಮರಳಬಹುದಿತ್ತು. ಅದಕ್ಕಿಂತ ಒಂದಿಷ್ಟು ಎತ್ತರವಿದ್ದರೆ ವರ್ಷಗಟ್ಟಲೆ ಬಂದೂಕು ಹೊರುವ ಭಯ. ಕೆಲವರು ಈ ಗೆರೆಯ ಕೆಳಗೆ ನುಸುಳಿ ತಪ್ಪಿಸಿಕೊಂಡಿದ್ದರು ಎಂಬ ಗುಮಾನಿಯನ್ನು ಎತ್ತಿದ್ದು ಪೊಲೀಸರಲ್ಲ, ಬೆಲ್ಜಿಯಂನ ಒಬ್ಬ ಖಗೋಳ ವಿಜ್ಞಾನಿ. ಅವನ ಹೆಸರು ಅಡಾಲ್ಫ್ ಕೆಟಲೆ. ಅವನು ಬಳಸಿದ ಸಾಧನ ಒಂದು ರೇಖೆ.

ಆ ರೇಖೆ ಯಾವುದು? ಅದನ್ನು ತಿಳಿಯಲು ಕೆಟಲೆಯ ಇನ್ನೊಂದು ಉದಾಹರಣೆ ನೋಡಬೇಕು. 1817ರಲ್ಲಿ ಎಡಿನ್‌ಬರೋದ ವೈದ್ಯಕೀಯ ಪತ್ರಿಕೆಯೊಂದು ಸ್ಕಾಟ್ಲೆಂಡಿನ ಸೈನಿಕರ ಎದೆಯ ಸುತ್ತಳತೆಗಳನ್ನು ಪ್ರಕಟಿಸಿತ್ತು. ಕೆಟಲೆ ಅದರಿಂದ 5,738 ಮಂದಿಯ ಲೆಕ್ಕ ತೆಗೆದ. 33 ಅಂಗುಲದವರು 3 ಮಂದಿ, 36 ಅಂಗುಲದವರು 185, 40 ಅಂಗುಲದವರು 1,079, 44 ಅಂಗುಲದವರು 92, 48 ಅಂಗುಲದವನು ಒಬ್ಬನೇ. ಒಂದೊಂದು ಅಂಗುಲಕ್ಕೂ ಒಂದೊಂದು ಕಂಬ ನಿಲ್ಲಿಸಿ, ಎಷ್ಟು ಜನವೋ ಅಷ್ಟು ಎತ್ತರ ಕೊಟ್ಟರೆ ಮಧ್ಯದಲ್ಲಿ ಉಬ್ಬಿ ಎರಡೂ ಕಡೆ ಇಳಿಯುವ ಚಿತ್ರ ಬರುತ್ತದೆ. ಇದೇ ಹಿಸ್ಟೊಗ್ರಾಂ. ಈ ಹೆಸರನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್. ಅದು 1890ರ ದಶಕದ ಮಾತು. ಕೆಟಲೆ ತನ್ನ ಹೋಲಿಕೆಯನ್ನು ಅಂಕಿಗಳ ಸಾಲುಗಳಲ್ಲೇ ಮಾಡಿದ್ದ.

ಈ ಕಂಬಗಳ ಮೇಲೆ ಗಂಟೆಯಾಕಾರದ ರೇಖೆಯನ್ನು ಹಾಸುವುದು ಎರಡನೆಯ ಹೆಜ್ಜೆ. ಅದಕ್ಕೆ ಎರಡು ಅಂಕಿ ಸಾಕು. ಒಂದು ಸರಾಸರಿ: ಇಲ್ಲಿ 39.8 ಅಂಗುಲ. ಇನ್ನೊಂದು ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆ: ಇಲ್ಲಿ ಸುಮಾರು 2 ಅಂಗುಲ. ಆದರೆ ಹೊಸಬರು ಎಡವುವುದು ಇಲ್ಲೇ. ಸೂತ್ರದ ಪ್ರಕಾರ ರೇಖೆಯ ಕೆಳಗಿನ ಒಟ್ಟು ವಿಸ್ತೀರ್ಣ 1, ಕಂಬಗಳದು 5,738. ಹಾಗೆಯೇ ಹಾಸಿದರೆ ರೇಖೆ ನೆಲಕ್ಕೆ ಅಂಟಿದ ದಾರದಂತೆ ಮಲಗುತ್ತದೆ. ಅದನ್ನು ಒಟ್ಟು ಜನರ ಸಂಖ್ಯೆಯಿಂದಲೂ ಕಂಬದ ಅಗಲದಿಂದಲೂ ಗುಣಿಸಬೇಕು. ಆಗ ರೇಖೆ ಎದ್ದು ಕಂಬಗಳ ನೆತ್ತಿಗೆ ಬರುತ್ತದೆ. 40 ಅಂಗುಲದಲ್ಲಿ ಅದು ಸುಮಾರು 1,110 ಎನ್ನುತ್ತದೆ, ಇರುವವರು 1,079. 44ರಲ್ಲಿ ಸುಮಾರು 140 ಎನ್ನುತ್ತದೆ, ಇರುವವರು 92.

ಕಂಬ ಇದ್ದದ್ದನ್ನು ಹೇಳುತ್ತದೆ, ರೇಖೆ ಇರಬಹುದಾಗಿದ್ದದ್ದನ್ನು. ಇವೆರಡರ ನಡುವಿನ ಸಂದನ್ನು ಓದಬೇಕು.

ಫ್ರಾನ್ಸಿನ ಭರ್ತಿಯ ಪಟ್ಟಿಯಲ್ಲಿ ಕೆಟಲೆ ಓದಿದ್ದು ಇದನ್ನೇ. ಒಂದು ಲಕ್ಷ ಯುವಕರಲ್ಲಿ 157 ಸೆಂಟಿಮೀಟರಿಗಿಂತ ಕುಳ್ಳಗಿದ್ದವರು 28,620. ಲೆಕ್ಕದ ಪ್ರಕಾರ ಇರಬೇಕಾದವರು 26,345. ಹೆಚ್ಚಾದವರು 2,275. ಗೆರೆಯ ಮೇಲಿನ ಮೊದಲ ಕಂಬದಲ್ಲಿ, ಅಂದರೆ 157ರಿಂದ 159.7 ಸೆಂಟಿಮೀಟರಿನವರೆಗೆ, 13,182 ಮಂದಿ ಇರಬೇಕಿತ್ತು, ಇದ್ದವರು 11,580. ಇಲ್ಲಿ ಕಾಣೆಯಾದವರು ಅಲ್ಲಿ ತುಂಬಿಕೊಂಡಿದ್ದರು. ಇದು ಮೋಸದ ವಿನಾಯಿತಿಯ ಗುರುತು ಎಂದು ಕೆಟಲೆ 1846ರ ತನ್ನ ಪುಸ್ತಕದಲ್ಲಿ ಬರೆದ. ಮೊಣಕಾಲು ಬಗ್ಗಿಸಿದವನು ಯಾರು, ಅಳೆಯುವವನ ಕೈ ಬಿಸಿ ಮಾಡಿದವನು ಯಾರು? ರೇಖೆ ಹೆಸರು ಹೇಳುವುದಿಲ್ಲ. ಎಲ್ಲಿ ಹುಡುಕಬೇಕೆಂದು ಬೆರಳು ತೋರಿಸುತ್ತದೆ, ಅಷ್ಟೆ.

ಹಾಗೆಂದು ಕಂಬ-ರೇಖೆ ಹೊಂದದ ಕಡೆಯಲ್ಲೆಲ್ಲ ಕಥೆ ಕಟ್ಟಬಾರದು. ಅದೇ ಫ್ರಾನ್ಸಿನ ದೂ ಪ್ರಾಂತದ ಯುವಕರ ಎತ್ತರದ ಚಿತ್ರದಲ್ಲಿ ಒಂದರ ಬದಲು ಎರಡು ಗುಬ್ಬಿಗಳು ಕಂಡವು. ಇಲ್ಲಿ ಎರಡು ಜನಾಂಗಗಳು ಬೆರೆತಿವೆ ಎಂದು ಬೆರ್ತಿಯೋಂ ಎಂಬ ವಿದ್ವಾಂಸ ವಾದಿಸಿದ, ಹಲವರು ನಂಬಿದರು. ಕೊನೆಗೆ ಇಟಲಿಯ ಸೇನಾ ವೈದ್ಯ ರಿಡೋಲ್ಫೊ ಲಿವಿ ಗುಟ್ಟು ಬಿಡಿಸಿದ. ಸೆಂಟಿಮೀಟರಿನಲ್ಲಿದ್ದ ಅಳತೆಯನ್ನು ಅಂಗುಲಕ್ಕೆ ಬದಲಿಸುವಾಗ ಕೆಲವು ಅಂಗುಲಗಳ ಪಾಲಿಗೆ ಮೂರು ಸೆಂಟಿಮೀಟರಿನ ಜನ ಬಿದ್ದಿದ್ದರು, ಕೆಲವಕ್ಕೆ ಎರಡೇ. ಹೆಚ್ಚು ಪಾಲು ಸಿಕ್ಕ ಕಂಬ ಎತ್ತರವಾಗಿತ್ತು! ಎರಡನೆಯ ಜನಾಂಗ ಹುಟ್ಟಿದ್ದು ಕಾಗದದ ಮೇಲೆ.

ಇಂದು ಕಂಪ್ಯೂಟರ್ ಕ್ಷಣದಲ್ಲಿ ಕಂಬ ನಿಲ್ಲಿಸಿ ರೇಖೆ ಎಳೆದು ಕೊಡುತ್ತದೆ. ಪರೀಕ್ಷೆಯ ಅಂಕವಿರಲಿ, ಆದಾಯವಿರಲಿ, ಮಕ್ಕಳ ತೂಕವಿರಲಿ, ಅಂಥ ಚಿತ್ರ ಎದುರಿಗೆ ಬಂದಾಗ ಎರಡು ಪ್ರಶ್ನೆ ಕೇಳಬೇಕು. ಕಂಬದ ಅಗಲವನ್ನು ಯಾರು, ಹೇಗೆ ಗೊತ್ತು ಮಾಡಿದರು? ಈ ಸಂಗತಿಗೆ ಗಂಟೆಯಾಕಾರದ ರೇಖೆಯೇ ಸರಿಯೇ? ಆದಾಯದ ಲೆಕ್ಕಕ್ಕೆ ಸಾಮಾನ್ಯವಾಗಿ ಅದು ಹೊಂದುವುದಿಲ್ಲ. ಕೆಲವೇ ಸಿರಿವಂತರು ಚಿತ್ರದ ಬಲಬದಿಗೆ ಉದ್ದನೆಯ ಬಾಲ ಎಳೆಯುತ್ತಾರೆ. ಎರಡಕ್ಕೂ ತೃಪ್ತಿಕರ ಉತ್ತರ ಸಿಕ್ಕ ಮೇಲೂ ಸಂದು ಉಳಿದರೆ, ಅಲ್ಲಿ ನಿಂತು ವಿಚಾರಿಸಬೇಕು. ಯಾರೋ ಬಗ್ಗಿ ನಿಂತಿರಬಹುದು.