ಮಕ್ಕಳು ನಡೆಸಿದ ಒಂದು ವಾರ

(ಪಾಪಿರೆಡ್ಡಿಪಟ್ಟಿಯಲ್ಲಿ ಕನ್ನಡ ಶಿಕ್ಷಕರ ಹಾಗೂ ಪೋಷಕರ ಎದುರು ಮಾಡಿದ ಭಾಷಣದ ಬರಹ ರೂಪ)



ನಾನು ವಿದುಷಿಯಲ್ಲ. ಬಿ.ಇಡಿ. ಮುಗಿಸಿ ಇಪ್ಪತ್ತು ವರ್ಷಗಳಿಂದ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿರುವ ಸಾಮಾನ್ಯ ಶಿಕ್ಷಕಿ. ಈ ಊರಿನ ಆಸುಪಾಸಿನ ಹದಿನಾಲ್ಕು ಮಕ್ಕಳೊಡನೆ ಅರ್ಧವಾರ್ಷಿಕ ರಜೆಯಲ್ಲಿ ಕಳೆದ ಒಂದು ವಾರದ ವರದಿಯನ್ನು ನಿಮಗೆ ಒಪ್ಪಿಸುವುದಷ್ಟೇ ನನ್ನ ಕೆಲಸ.

ಆ ವಾರ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳುತ್ತೇನೆ. ಸಂವಿಧಾನದ 350ಎ ವಿಧಿ ನಮಗೆಲ್ಲ ಬಾಯಿಪಾಠ. 1956ರ ಏಳನೇ ತಿದ್ದುಪಡಿಯಿಂದ ಬಂದ ಈ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಒದಗಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಆದರೆ ವೇದಿಕೆಯ ಮೇಲೆ ಅದನ್ನು ಹೇಳುವಾಗ ನಾವು ಎರಡು ಪದಗಳನ್ನು ನುಂಗಿಬಿಡುತ್ತೇವೆ: ಪ್ರಾಥಮಿಕ ಹಂತದಲ್ಲಿ. ಒಂಬತ್ತನೇ ತರಗತಿಯ ಮಗುವಿಗೆ ಆ ವಿಧಿಯ ನೆರಳು ಇಲ್ಲ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯ ಪ್ರಕಾರ ತಮಿಳು ಕಡ್ಡಾಯ. ನೆಲದ ಭಾಷೆ ಕಲಿಯುವುದು ಒಳ್ಳೆಯದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ತಮಿಳು, ಇಂಗ್ಲಿಷ್, ಎಸ್.ಎಸ್.ಎಲ್.ಸಿ. ಪರೀಕ್ಷೆಗಳ ನಡುವೆ ಕನ್ನಡ ಮೂಲೆಗೆ ಸರಿಯುತ್ತದೆ. ಆ ವಯಸ್ಸಿನಲ್ಲಿ ಕನ್ನಡ ಉಳಿಯಬೇಕಾದರೆ ನಾವು ಬೇಕೆಂದರೆ ಸಾಲದು, ಮಗುವಿಗೇ ಬೇಕೆನಿಸಬೇಕು. ಹಾಗೆ ಅನಿಸುವುದು ಹೇಗೆ?

ಈ ಪ್ರಶ್ನೆ ಹಿಡಿದು ಹೊರಟಾಗ ಮಕ್ಕಳೇ ನಡೆಸುವ ಶಾಲೆಗಳ ಬಗ್ಗೆ ಓದಿದೆ. ಇಂಗ್ಲೆಂಡಿನ ಸಮ್ಮರ್‌ಹಿಲ್ ಶಾಲೆಯನ್ನು ಎ.ಎಸ್. ನೀಲ್ 1921ರಲ್ಲಿ ಆರಂಭಿಸಿದರು. ಅಲ್ಲಿ ತರಗತಿಗೆ ಹೋಗುವುದು ಮಗುವಿನ ಇಷ್ಟ. ಶಾಲೆಯ ಸಭೆಯಲ್ಲಿ ಮಗುವಿಗೂ ಒಂದು ಮತ, ಶಿಕ್ಷಕರಿಗೂ ಒಂದೇ ಮತ. 1999ರ ತಪಾಸಣೆಯ ನಂತರ ಸರ್ಕಾರ ನೋಟಿಸು ನೀಡಿದಾಗ ಶಾಲೆ ಅದನ್ನು ಪ್ರಶ್ನಿಸಿತು. 2000ದಲ್ಲಿ ರಾಜಿಯ ಮಾತು ಬಂದಾಗ ಮಕ್ಕಳು ಲಂಡನ್ನಿನ ನ್ಯಾಯಾಲಯದ ಕೊಠಡಿಯಲ್ಲೇ ಸಭೆ ಸೇರಿ, ಚರ್ಚಿಸಿ, ಒಪ್ಪಿಗೆ ಕೊಟ್ಟರು. ನಮ್ಮ ಶಾಲೆಗಳ ಮೊಕದ್ದಮೆಗಳಲ್ಲಿ ಒಂದು ಮಗುವಿನ ಅಭಿಪ್ರಾಯವನ್ನು ನಾವು ಎಂದಾದರೂ ಕೇಳಿದ್ದೇವೆಯೇ?

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1968ರಲ್ಲಿ ಆರಂಭವಾದ ಸಡ್‌ಬರಿ ವ್ಯಾಲಿ ಶಾಲೆಯಲ್ಲಿ ಶಿಕ್ಷಕರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬೇಕೇ ಎಂಬುದಕ್ಕೂ ಮಕ್ಕಳು ಮತ ಹಾಕುತ್ತಾರೆ. ಅದರ ಸ್ಥಾಪಕರಲ್ಲೊಬ್ಬರಾದ ಡೇನಿಯಲ್ ಗ್ರೀನ್‌ಬರ್ಗ್ ಒಂದು ಅನುಭವ ಬರೆದಿದ್ದಾರೆ. 9ರಿಂದ 12 ವರ್ಷದ ಹನ್ನೆರಡು ಮಕ್ಕಳು ತಾವಾಗಿಯೇ ಬಂದು ಲೆಕ್ಕ ಕಲಿಸಿ ಎಂದರಂತೆ. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ತಡವಾಗಿ ಬಂದರೆ ಪಾಠವಿಲ್ಲ ಎಂಬ ಷರತ್ತು. 20 ವಾರದಲ್ಲಿ, ಅಂದರೆ 20 ಗಂಟೆಗಳಲ್ಲಿ, ಆರು ವರ್ಷದ ಅಂಕಗಣಿತ ಮುಗಿಯಿತು.

ಅವೆಲ್ಲ ಹಣವಿದ್ದವರ ದೇಶದ ಮಾತು ಎನ್ನಬೇಡಿ. ನಮ್ಮ ಕೋಲಾರ ಜಿಲ್ಲೆಯ ರಾಯಲ್ಪಾಡಿನಲ್ಲಿ 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಅವರು ನೀಲ್‌ಬಾಗ್ ಶಾಲೆ ತೆರೆದರು. ಹಳ್ಳಿಯ ಮಕ್ಕಳು. ಪರೀಕ್ಷೆಯಿಲ್ಲ, ಹೊಡೆತವಿಲ್ಲ, ವಯಸ್ಸಿನ ಪ್ರಕಾರ ಸಾಲು ಮಾಡಿ ಕೂರಿಸುವುದಿಲ್ಲ. ಮರಗೆಲಸ, ಹೊಲಿಗೆಗಳ ಜೊತೆಗೇ ಹಲವು ಭಾಷೆಗಳ ಕಲಿಕೆ. 1984ರಲ್ಲಿ ಅವರು ತೀರಿಕೊಂಡರು, ಮುಂದೆ ಆ ಶಾಲೆಯೂ ನಿಂತಿತು. ಆದರೆ ಗಡಿಸೀಮೆಯ ಬಡ ಹಳ್ಳಿಯಲ್ಲೂ ಇದು ಸಾಧ್ಯವೆಂಬುದನ್ನು ತೋರಿಸಿಕೊಟ್ಟಿತು.

ಈಗ ನಮ್ಮ ವಾರಕ್ಕೆ ಬರುತ್ತೇನೆ. ಮಕ್ಕಳ ವಯಸ್ಸು 13ರಿಂದ 16. ಕೆಲವರು ಕನ್ನಡ ಶಾಲೆಯವರು. ಉಳಿದವರು ಮನೆಯಲ್ಲಿ ಕನ್ನಡ ಆಡಿ ತಮಿಳು ಶಾಲೆಗೆ ಹೋಗುವವರು, ಕನ್ನಡ ಅಕ್ಷರ ಅಷ್ಟಾಗಿ ಬಾರದವರು. ಸೋಮವಾರ ಬೆಳಿಗ್ಗೆ ಚಾಪೆ ಹಾಸಿ, "ಈ ವಾರ ನಿಮ್ಮದು, ಏನು ಕಲಿಯಬೇಕೋ ನೀವೇ ಹೇಳಿ" ಎಂದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬಳು ಎದ್ದು, "ಮಿಸ್, ಕನ್ನಡ ಯಾಕೆ ಕಲೀಬೇಕು?" ಎಂದಳು. ನನ್ನ ಬಾಯಲ್ಲಿ ಭಾಷಣ ಸಿದ್ಧವಿತ್ತು. ಕಷ್ಟಪಟ್ಟು ನುಂಗಿಕೊಂಡು, "ನೀನೇ ಹುಡುಕಮ್ಮ" ಎಂದೆ.

ಎರಡನೆಯ ಪ್ರಶ್ನೆ ಒಬ್ಬ ಹುಡುಗನದು. ಲೆಕ್ಕದಲ್ಲಿ ದಡ್ಡನೆಂದು ನಾನೇ ಹಿಂದೆ ಒಮ್ಮೆ ಎಲ್ಲರೆದುರು ಅಂದಿದ್ದ ಹುಡುಗ. "ನಮ್ಮಪ್ಪ ಮರಗೆಣಸು ತಗೊಂಡು ಹೋದರೆ ಪಾಯಿಂಟು ನೋಡಿ ದುಡ್ಡು ಕೊಡ್ತಾರೆ. ಆ ಪಾಯಿಂಟು ಅಂದ್ರೇನು?" ನನಗೆ ಗೊತ್ತಿರಲಿಲ್ಲ. ಈ ಸೀಮೆಯಲ್ಲಿ ಸಬ್ಬಕ್ಕಿ ಕಾರ್ಖಾನೆಗೆ ಗೆಣಸು ಹಾಕುವ ಪ್ರತಿ ಮನೆಯ ಊಟ ಆ ಪಾಯಿಂಟಿನ ಮೇಲೆ ನಿಂತಿದೆ. ಅದನ್ನು ನಾನು ಒಂದು ದಿನವೂ ತರಗತಿಗೆ ತಂದಿರಲಿಲ್ಲ.

ಮಂಗಳವಾರ ಅವನ ಗುಂಪು ಒಂದು ಸ್ಪ್ರಿಂಗ್ ತಕ್ಕಡಿ, ಬಕೆಟ್ಟು, ಎರಡು ಹೊಲಗಳ ಗೆಣಸು ಇಟ್ಟುಕೊಂಡು ಕುಳಿತಿತು. ಮೇಲೆ 3 ಕಿಲೋ ತೂಗಿದ ಗೆಣಸು ನೀರಿನಲ್ಲಿ ಮುಳುಗಿದಾಗ ಒಂದು ಹೊಲದ್ದು 250 ಗ್ರಾಂ ಆಸುಪಾಸು, ಇನ್ನೊಂದು ಹೊಲದ್ದು 300ರ ಸಮೀಪ. ಹಿಟ್ಟು ಹೆಚ್ಚಿದ್ದರೆ ಗೆಣಸು ಗಟ್ಟಿ, ಗಟ್ಟಿಯಾದದ್ದು ನೀರೊಳಗೆ ಹೆಚ್ಚು ತೂಗುತ್ತದೆ. ಪಾಯಿಂಟು ಎಂದರೆ ಹಿಟ್ಟಿನ ಅಂಶದ ಅಳತೆ. ಆರ್ಕಿಮಿಡೀಸನ ತತ್ವವನ್ನು ನಾನು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಅಂದು ಅದನ್ನು ನನಗೆ ಕಲಿಸಿದವನು ಆ ಹುಡುಗ.

ಬುಧವಾರ ಹುಡುಗಿಯರ ಗುಂಪು ಧರ್ಮಪುರಿಗೆ ಹೋಗಿ ವಸ್ತುಸಂಗ್ರಹಾಲಯದ ವೀರಗಲ್ಲುಗಳನ್ನು ನೋಡಿತು. ಅದೇ ಧರ್ಮಪುರಿಯಲ್ಲಿ ನೊಳಂಬ ಅರಸರ 9ನೇ ಶತಮಾನದ ಕನ್ನಡ ಶಾಸನಗಳು ದೊರೆತಿವೆ ಎಂದು ಹೇಳಿದೆ. ಸಂಜೆ ಸಭೆಯ ಪುಸ್ತಕದಲ್ಲಿ ಅವರು ಬರೆದದ್ದು ಇಷ್ಟು: "ಈ ಊರಿಗೆ ಕನ್ನಡ ನೆಂಟನಲ್ಲ, ತಮಿಳಿನ ಜೊತೆ ಹುಟ್ಟಿದ ಮನೆಮಗ."

ಎಲ್ಲವೂ ಚೆನ್ನಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗುರುವಾರ ಅರ್ಧ ದಿನ ಕೇರಂ ಬೋರ್ಡಿನ ಮುಂದೆ ಹೋಯಿತು. ಬೈಯಲು ಹೊರಟವಳು ತಡೆದುಕೊಂಡೆ. ಶುಕ್ರವಾರದ ಸಭೆಯಲ್ಲಿ ಮಕ್ಕಳೇ ದೂರು ತಂದು, ಆಟಕ್ಕೆ ಒಂದು ಗಂಟೆ ಎಂದು ಮತ ಹಾಕಿ, ಆ ನಿಯಮವನ್ನು ತಾವೇ ಪಾಲಿಸಿದರು. ಸಭೆಯ ಪುಸ್ತಕ ಕನ್ನಡದಲ್ಲೇ ಇರಬೇಕು ಎಂದು ಸೋಮವಾರವೇ ತೀರ್ಮಾನಿಸಿದವರೂ ಅವರೇ. ಕಾರಣ ಕೇಳಿದರೆ, "ಮನೇಲಿ ಓದಿ ಹೇಳ್ಬೇಕಲ್ಲ ಮಿಸ್" ಎಂದರು. ಅಕ್ಷರ ಬಾರದವರು ಬಂದವರ ಪಕ್ಕ ಕೂತು ತಿದ್ದಿಸಿಕೊಂಡರು.

ಶನಿವಾರ ತಂದೆ ತಾಯಂದಿರು ಬಂದರು. ಆ ಹುಡುಗ ತನ್ನ ಗೆಣಸಿನ ಲೆಕ್ಕವನ್ನು ತಡವರಿಸುತ್ತ ಕನ್ನಡದಲ್ಲಿ ಓದಿದ. ಅವನ ತಂದೆ ಸುಮ್ಮನೆ ಕೇಳಿ, "ಆ ನೀರಿನ ತೂಕದ್ದು ಇನ್ನೊಂದ್ಸಲ ಓದಪ್ಪ" ಎಂದರು. ಹತ್ತನೇ ತರಗತಿಯ ನಂತರ ಮಗನನ್ನು ಬೋರ್‌ವೆಲ್ ಲಾರಿಗೆ ಕಳಿಸಬೇಕೆಂದು ಅವರು ಮೊದಲೇ ಯೋಚಿಸಿದ್ದರು. ಆ ಯೋಚನೆ ಬದಲಾಯಿತೆಂದು ನಾನು ಹೇಳಲಾರೆ. ಮಾರನೆಯ ದಿನ ಆ ಪುಸ್ತಕವನ್ನು ಮನೆಗೆ ಕೇಳಿ ಕಳಿಸಿದರು ಎಂಬುದಷ್ಟು ನಿಜ. ಕನ್ನಡ ಯಾಕೆ ಎಂದು ಕೇಳಿದ ಹುಡುಗಿಗೆ ಉತ್ತರ ಅಲ್ಲಿ ಸಿಕ್ಕಿತೆಂದು ನನ್ನ ನಂಬಿಕೆ.

ಬಂಧುಗಳೇ, ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆ 1989ರದು, ಭಾರತ ಅದನ್ನು ಒಪ್ಪಿದ್ದು 1992ರಲ್ಲಿ. ಅದರ 30ನೇ ವಿಧಿ ಅಲ್ಪಸಂಖ್ಯಾತ ಮಗುವಿಗೆ ತನ್ನ ಭಾಷೆ ಬಳಸುವ ಹಕ್ಕನ್ನು ಕೊಡುತ್ತದೆ. 12ನೇ ವಿಧಿ ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕನ್ನು ಕೊಡುತ್ತದೆ. ನಾವು 30ನ್ನು ಹಿಡಿದು ಹೋರಾಡುತ್ತೇವೆ, 12ನ್ನು ಮರೆಯುತ್ತೇವೆ. ಮಾತಾಡಲು ಬಿಡದ ಮಗುವಿಗೆ ಭಾಷೆ ಯಾತಕ್ಕೆ?

ಸಮ್ಮರ್‌ಹಿಲ್ಲಿನಂತೆ ತರಗತಿಗಳನ್ನು ಐಚ್ಛಿಕ ಮಾಡಿ ಎಂದು ನಾನು ಕೇಳುತ್ತಿಲ್ಲ, ನಮ್ಮ ಮಕ್ಕಳಿಗೆ ಪರೀಕ್ಷೆ ಇದೆ. ನನ್ನ ಬೇಡಿಕೆ ಸಣ್ಣದು. ಎಂಟನೇ ತರಗತಿಯಿಂದ ಮೇಲೆ, ವಾರಕ್ಕೆ ಒಂದು ಪಿರಿಯಡ್ ಮಕ್ಕಳ ಸಭೆಗೆ ಕೊಡಿ. ವರ್ಷಕ್ಕೆ ಒಂದು ವಾರ ಅವರ ಕೈಗೆ ಬಿಡಿ. ಸಭೆಯ ಪುಸ್ತಕವನ್ನು ಅವರೇ ಕನ್ನಡದಲ್ಲಿ ಬರೆಯಲಿ. ಅದಕ್ಕೆ ಸರ್ಕಾರಿ ಆದೇಶ ಬೇಡ, ಅನುದಾನ ಬೇಡ. ಮೊದಲ ಅರ್ಧ ಗಂಟೆ ಶಿಕ್ಷಕರಾದ ನಾವು ಬಾಯಿ ಮುಚ್ಚಿ ಕೂತರೆ ಸಾಕು. ನಿಮ್ಮ ಮಕ್ಕಳು ಕೇಳಿದ ಮೊದಲ ಪ್ರಶ್ನೆ ಯಾವುದೆಂದು ಈ ಪತ್ರಿಕೆಗೆ ಬರೆದು ಕಳಿಸಿ.