ಪೊಲೀಸ್ ಟ್ರೈನಿಂಗ್‌ಗೆ ಹೊರಡೋ ಮುಂಚೆ ಮನಸ್ಸಿಗೂ ಸ್ವಲ್ಪ ಪ್ರಾಕ್ಟೀಸ್ ಕೊಡಿ

ಇವತ್ತಿನ ಎಪಿಸೋಡ್ ಕಾನ್‌ಸ್ಟೆಬಲ್ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದು, ತರಬೇತಿಗೆ ಯಾವಾಗ ಕರೀತಾರೋ ಅಂತ ಕಾಯ್ತಾ ಇರೋರಿಗೆ. ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಹಾಗೆ ಕಾಯ್ತಾ ಇದ್ರೆ, ಅವರಿಗೂ ಕಳಿಸಿ.

ಸೆಲೆಕ್ಷನ್ ಆದ್ಮೇಲೆ ಸುಮಾರು ಜನ ಓಡೋದನ್ನೇ ನಿಲ್ಲಿಸಿಬಿಡ್ತಾರೆ. ಸಿಹಿ ಹಂಚಿದ್ದಾಯ್ತು, ಸ್ಟೇಟಸ್ ಹಾಕಿದ್ದಾಯ್ತು, ಇನ್ನೇನು ಅಂತ. ಆದ್ರೆ ದೈಹಿಕ ಪರೀಕ್ಷೆಗೂ ತರಬೇತಿಗೂ ತುಂಬಾ ವ್ಯತ್ಯಾಸ ಇದೆ. ಸಿವಿಲ್ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಹುಡುಗರು 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಹುಡುಗಿಯರು 400 ಮೀಟರ್ ಓಟವನ್ನು 2 ನಿಮಿಷದಲ್ಲಿ. ಅದು ಒಂದು ದಿನದ ಕೆಲಸ. ಮುಗಿಸಿ ಮನೆಗೆ ಬಂದು ಮಲಗಬಹುದು.

ತರಬೇತಿಯಲ್ಲಿ ಬೆಳಗ್ಗೆ ಓಡ್ತೀರಿ, ತಿಂಡಿ ಮುಗಿಸಿ ಕವಾಯತಿಗೆ ನಿಲ್ತೀರಿ, ಆಮೇಲೆ ಕಾನೂನಿನ ಕ್ಲಾಸಲ್ಲಿ ನಿದ್ದೆ ತಡ್ಕೊಂಡು ಕೂರ್ತೀರಿ, ಸಂಜೆ ಮತ್ತೆ ಮೈದಾನ, ರಾತ್ರಿ ಹಾಜರಿ. ನಾಳೆಯೂ ಅದೇ. ಚನ್ನಪಟ್ಟಣ, ಖಾನಾಪುರ, ಕಲಬುರಗಿ, ಯಾವ ಊರಿನ ತರಬೇತಿ ಕೇಂದ್ರ ಸಿಕ್ಕಿದರೂ ಇದೇ ಬದುಕು, ಅದೂ ತಿಂಗಳುಗಟ್ಟಲೆ. ಎಷ್ಟು ಹೊತ್ತಿಗೆ ಏಳಬೇಕು, ಯಾವಾಗ ಊಟ, ಯಾವಾಗ ಫೋನು, ಯಾವುದೂ ನಿಮ್ಮ ಕೈಯಲ್ಲಿರಲ್ಲ. ಬೆಲ್ಟ್ ಸರಿ ಇಲ್ಲ ಅಂತ ಎಲ್ಲರ ಮುಂದೆ ಬೈಸ್ಕೊಳ್ತೀರಿ. ಪಕ್ಕದವರ ಹೆಜ್ಜೆ ತಪ್ಪಿದ್ದಕ್ಕೆ ಇಡೀ ತಂಡ ಮೈದಾನ ಸುತ್ತಬೇಕಾಗಬಹುದು. ಕಾಲು ನೋಯೋದಕ್ಕಿಂತ ಇದೇ ಜಾಸ್ತಿ ನೋಯಿಸುತ್ತೆ.

ಇದಕ್ಕೆ ಮೊದಲೇ ತಯಾರಾಗೋಕೆ ಆಗುತ್ತಾ? ಆಗುತ್ತೆ. ಡೊನಾಲ್ಡ್ ಮೈಕೆನ್‌ಬಾಮ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಒಂದು ವಿಧಾನ ರೂಪಿಸಿದರು. ಲಸಿಕೆ ಹೇಗೆ ಕೆಲಸ ಮಾಡುತ್ತೋ ಅದೇ ಥರ. ಒತ್ತಡವನ್ನ ಮೊದಲು ಅರ್ಥ ಮಾಡ್ಕೊಳ್ಳಿ, ಎದುರಿಸೋ ರೀತಿ ಕಲೀರಿ, ಆಮೇಲೆ ಸ್ವಲ್ಪ ಸ್ವಲ್ಪವೇ ಒತ್ತಡ ತಗೊಂಡು ಅಭ್ಯಾಸ ಮಾಡಿ. ಇದನ್ನ ಮನೆಯಲ್ಲೇ ಶುರು ಮಾಡಬಹುದು.

ಮೊದಲನೇದು, ಟೈಮು. ಇವತ್ತಿಂದ ಒಂದು ತಿಂಗಳು ರಾತ್ರಿ ಹತ್ತಕ್ಕೆ ಮಲಗಿ, ಬೆಳಗ್ಗೆ ಐದಕ್ಕೆ ಏಳಿ. ಭಾನುವಾರವೂ ಅಷ್ಟೇ. ದಿನದಲ್ಲಿ ಮೂರ್ನಾಲ್ಕು ಗಂಟೆ ಫೋನನ್ನ ಅಮ್ಮನ ಕೈಗೆ ಕೊಟ್ಟುಬಿಡಿ. ಆ ಚಡಪಡಿಕೆ ಇದೆಯಲ್ಲ, ಅದು ಮನೆಯಲ್ಲೇ ಕಳೆದುಹೋಗಲಿ.

ಎರಡನೇದು, ಬೈಗುಳ. ಯಾರಾದ್ರೂ ರೇಗಿದಾಗ ಮುಖ ಬಿಸಿಯಾಗುತ್ತೆ, ಎದೆ ಡವಡವ ಅನ್ನುತ್ತೆ. ಆಗ ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಉಸಿರು ಎಳ್ಕೊಳ್ಳಿ, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಉಸಿರು ಬಿಡೋದು ಉದ್ದವಾದಾಗ ಎದೆ ಬಡಿತ ನಿಧಾನ ಆಗುತ್ತೆ. ಜೊತೆಗೆ ಮನಸ್ಸಲ್ಲಿ ಒಂದು ಮಾತು ಹೇಳ್ಕೊಳ್ಳಿ: "ಬೈದಿದ್ದು ನನ್ನ ಹೆಜ್ಜೆಗೆ. ಸರಿ ಮಾಡ್ಕೊಳ್ತೀನಿ."

ಮೂರನೇದು, ಕಾಲು. ಆರು ತಿಂಗಳು ಸುಮ್ನಿದ್ದು ಒಂದೇ ಸಲ ದಿನಾ ಐದು ಕಿಲೋಮೀಟರ್ ಓಡಿದ್ರೆ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯಲ್ಲಿ ನೋವು ಶುರುವಾಗುತ್ತೆ. ಅದರ ಮೇಲೆಯೇ ಓಡ್ತಾ ಹೋದ್ರೆ ಮೂಳೆಯಲ್ಲಿ ಸಣ್ಣ ಬಿರುಕೂ ಬಿಡಬಹುದು. ಹಾಗಾಗಿ ವಾರದಿಂದ ವಾರಕ್ಕೆ ಸ್ವಲ್ಪವೇ ಜಾಸ್ತಿ ಮಾಡಿ.

ನಾಲ್ಕನೇದು, ಪುಸ್ತಕ. ನಾನು ಬಿಕಾಂ ಓದಿದ್ದು, ಸೆಕ್ಷನ್ ನಂಬರ್ ಬಾಯಿಪಾಠ ಮಾಡೋ ಕಷ್ಟ ಕಂಪನಿ ಕಾಯ್ದೆಯಲ್ಲಿ ನೋಡಿದೀನಿ. ನಿಮಗೆ ಅದಕ್ಕಿಂತ ದೊಡ್ಡದಿದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಿನಿಮಾದಲ್ಲಿ ಕೇಳಿದ 302 ಈಗ 103. ವಂಚನೆಯ 420 ಈಗ 318. ದಿನಕ್ಕೆ ಎರಡೇ ಸೆಕ್ಷನ್ ಓದ್ಕೊಂಡು ಹೋದ್ರೂ ಅಲ್ಲಿ ಸುಸ್ತಾಗಿ ಕೂತಾಗ ತಲೆ ಮೇಲಿನ ಭಾರ ಕಮ್ಮಿ ಇರುತ್ತೆ.

ಇನ್ನೊಂದು ಮಾತು, ಇದನ್ನ ಗಮನ ಇಟ್ಟು ಕೇಳಿ. ಮೊದಲ ಕೆಲವು ವಾರಗಳಲ್ಲಿ "ಬಿಟ್ಟು ಊರಿಗೆ ಹೋಗೋಣ" ಅಂತ ಅನ್ನಿಸಬಹುದು. ಆ ತೀರ್ಮಾನ ಮಾತ್ರ ರಾತ್ರಿ ಮಾಡಬೇಡಿ. ಮಲಗಿ ಎದ್ದು, ಪಕ್ಕದ ಹಾಸಿಗೆಯವರ ಹತ್ರ ಮಾತಾಡಿ. ಅವರಿಗೂ ಹಾಗೇ ಅನ್ನಿಸಿರುತ್ತೆ. ಆದ್ರೆ ಎಲ್ಲವನ್ನೂ ಹಲ್ಲುಕಚ್ಚಿ ಸಹಿಸ್ಕೊಳ್ಳೋದು ಗಟ್ಟಿತನ ಅಲ್ಲ. ನೋವಿಗೆ ಕುಂಟ್ತಾ ಇದ್ರೆ, ಬಿಸಿಲಲ್ಲಿ ತಲೆ ತಿರುಗಿದ್ರೆ ತಕ್ಷಣ ಹೇಳಿ, ಡಾಕ್ಟರಿಗೆ ತೋರಿಸಿ. ಯಾರಾದ್ರೂ ಕೈ ಮಾಡಿದ್ರೆ ಅದು ತರಬೇತಿ ಅಲ್ಲ, ಮೇಲಧಿಕಾರಿಗೆ ದೂರು ಕೊಡಿ. ದಿನಗಟ್ಟಲೆ ನಿದ್ದೆ ಬರ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೂ ಒಂದು ಮಾತು: ಫೋನ್ ಬಂದಾಗ "ಹೇಗಾದ್ರೂ ಮಾಡಿ ಮುಗಿಸು" ಅನ್ನೋದಕ್ಕಿಂತ ಮುಂಚೆ "ಊಟ ಆಯ್ತಾ, ಕಾಲು ಹೇಗಿದೆ" ಅಂತ ಕೇಳಿ.

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಈ ಒತ್ತಡ ಪಾಸಿಂಗ್ ಔಟ್ ಪರೇಡ್ ದಿನ ಮುಗಿಯಲ್ಲ. ನಾಳೆ ಜಾತ್ರೆ ಬಂದೋಬಸ್ತಿನಲ್ಲಿ ನಿಂತಿರ್ತೀರಿ, ನಿದ್ದೆ ಇರಲ್ಲ, ಜನ ಮುಖದ ಮೇಲೆ ಕೂಗ್ತಿರ್ತಾರೆ, ಕೈಯಲ್ಲಿ ಲಾಠಿ ಇರುತ್ತೆ. ಕೂಗು ಕೇಳಿದ್ದಕ್ಕೂ ಕೈ ಎತ್ತೋದಕ್ಕೂ ನಡುವೆ ಒಂದು ಉಸಿರಿನಷ್ಟು ಜಾಗ ಇರಬೇಕು. ನಮ್ಮಂಥ ಸಾಮಾನ್ಯ ಜನ ಬದುಕೋದು ಆ ಜಾಗದಲ್ಲೇ. ಅದನ್ನ ಮೈದಾನದಲ್ಲೇ ಕಲಿತು ಬನ್ನಿ.

ತರಬೇತಿಗೆ ಹೊರಟಿರೋ ಎಲ್ರಿಗೂ ಶುಭವಾಗಲಿ. ಮುಂದಿನ ವಾರ ಸಿಗೋಣ.